ಉಪವಾಸದ ಮನೆ

ಮೂರು ಗಂಟೆಗೆ ಏನು ಕೊಡುವುದು ಎಂಬ ಒಂದೇ ವಿಚಾರ ಬೆಳಗಿನಿಂದ ಸೀಮಾಳ ತಲೆಯಲ್ಲಿ ನೊಣದಂತೆ ಸುತ್ತುತ್ತಿತ್ತು. ಉಪವಾಸ ಪ್ರಾರ್ಥನೆ ಹನ್ನೊಂದಕ್ಕೆ ಶುರುವಾಗಿ ಮೂರಕ್ಕೆ ಮುಗಿಯುತ್ತದೆ. ಮುಗಿದ ಮೇಲೆ, ಯಾರ ಮನೆಯಲ್ಲಿ ಪ್ರಾರ್ಥನೆ ನಡೆಯಿತೋ ಅವರು ಬಂದವರಿಗೆಲ್ಲ ಒಂದೊಂದು ಕಪ್ಪು ಚಹಾ, ಒಂದು ಹಿಡಿ ಚುರುಮುರಿ ಸುಸಲಾ ಕೊಟ್ಟು ಉಪವಾಸ ಬಿಡಿಸಬೇಕು. ಹೀಗೆಂದು ಬೈಬಲ್ಲಿನ ಯಾವ ವಾಕ್ಯದಲ್ಲೂ ಬರೆದಿಲ್ಲ. ಆದರೆ ಸಭೆಯಲ್ಲಿ ವಾಕ್ಯ ತಪ್ಪಿದವರಿಗೆ ಕ್ಷಮೆ ಇತ್ತು, ಸುಸಲಾ ತಪ್ಪಿಸಿದವರಿಗೆ ಇರಲಿಲ್ಲ. ಹೋದ ವರ್ಷ ಒಂದು ಮನೆಯವರು ಬರೀ ಚಹಾದಲ್ಲಿ ಮುಗಿಸಿದ್ದನ್ನು ಹೆಂಗಸರು ಇನ್ನೂ ಹೇಳಿಕೊಂಡು ತಿರುಗುತ್ತಿದ್ದರು. ಸೀಮಾ ಕಸ ಗುಡಿಸುತ್ತ ಗುಡಿಸುತ್ತ ಹಿಟ್ಟಿನ ಡಬ್ಬಿಯ ಹತ್ತಿರ ಬಂದಾಗ ಅದನ್ನು ಕಾಲಿನಿಂದ ಮೆಲ್ಲಗೆ ಸರಿಸಿದಳು. ಡಬ್ಬಿ ಢಣ್ ಎಂದಿತು. ತುಂಬಿದ ಡಬ್ಬಿಗೆ ಇಷ್ಟು ಒಳ್ಳೆಯ ಕಂಠ ಇರುವುದಿಲ್ಲ ಎಂದುಕೊಂಡಳು. ಅವ್ವ ಸಕ್ಕುಬಾಯಿ ಇದ್ದ ಒಂದೇ ಜಮಖಾನೆಯನ್ನು ಬಾಗಿಲಾಚೆ ಜಾಡಿಸುತ್ತಿದ್ದಳು, ಅದರ ಧೂಳಿನಲ್ಲಿ ತೊಗರಿ ಹೊಟ್ಟಿನ ವಾಸನೆ ಇತ್ತು. ದಾಲ್ ಮಿಲ್ಲು ನಿಂತು ನಾಲ್ಕು ತಿಂಗಳಾದರೂ ಆಳಂದದ ಈ ಓಣಿಯ ಧೂಳು ಇನ್ನೂ ಅಲ್ಲಿಯೇ ಕೆಲಸಕ್ಕಿದ್ದಂತೆ ವಾಸನೆ ಬೀರುತ್ತಿತ್ತು.

“ಯವ್ವಾ, ಮೂರಕ್ಕ ಏನ್ ಕೊಡೋದು?”

“ದೇವರು ಒದಗಿಸ್ತಾನ.”

“ಎಷ್ಟು ಗಂಟಿಗಿ ಒದಗಿಸ್ತಾನಂತ ಕೇಳಿದಿಯೇನು? ಮೂರರ ಮ್ಯಾಲ ಆದ್ರ ಉಪಯೋಗಿಲ್ಲ.”

“ಮನ್ಯಾಗ ಬಾಯಿ ಹಿಂಗ ನಡೀತದ. ಸಭಾದಾಗ ಎದ್ದು ನಿಲ್ಲು ಅಂದ್ರ ಮೂಕಿ ಆಗ್ತಿ. ಇವತ್ತ ಪಾಸ್ಟ್ರು ನಿನ್ನ ಸಾಕ್ಷಿಗಿ ಎಬ್ಬಸ್ತಾರ, ನೆನಪಿರಲಿ. ಉಪವಾಸದಾಗ ದೇವರು ನಮ್ಮನ್ನ ಹೆಂಗ ನಡಿಸ್ಯಾನ ಅಂತ ನಾಕು ಮಾತು ಹೇಳು ಸಾಕು.”

ಹೊರಗೆ ಬೇವಿನ ನೆರಳಿನಲ್ಲಿ ಬೀಡಿ ಕಚ್ಚಿಕೊಂಡು ಕೂತಿದ್ದ ಅಪ್ಪ ದೌಲತರಾಯ ಕೆಮ್ಮಿದ. ಹೆಸರಿನಲ್ಲಿ ಮಾತ್ರ ದೌಲತ್ತು ಇದ್ದ ಮನುಷ್ಯ. ಇಪ್ಪತ್ತು ವರ್ಷ ಮಿಲ್ಲಿನಲ್ಲಿ ಚೀಲ ಹೊತ್ತಿದ್ದ. ಈಗ ಸೇಠ ಚೀಲ ಸಾಗಿಸಲು ಪಟ್ಟಿಯ ಮಶೀನು ತರಿಸುತ್ತಾನೆಂದು ಸುದ್ದಿ. ಹೆಂಡತಿ ಮಗಳು ನೀರಿನಲ್ಲಿ ಮುಳುಗಿ ಎದ್ದು ಯೇಸುವಿನವರಾದಾಗ ಅವನು ದಂಡೆಯ ಮೇಲೆ ಎಲ್ಲರ ಚಪ್ಪಲಿ ಕಾಯುತ್ತ ಕೂತಿದ್ದ, ಅಂದಿನಿಂದ ಅವನ ಧರ್ಮ ಅಲ್ಲಿಯೇ ಉಳಿದಿತ್ತು. “ನಿಮ್ಮ ದೇವರಿಗೂ ನಮ್ಮ ಸೇಠಗೂ ಒಂದೇ ಚಟ,” ಎಂದ, ಯಾರಿಗೂ ಅಲ್ಲ ಎಂಬಂತೆ. “ಇಬ್ಬರೂ ನಾಳಿ ಬಾ ಅಂತಾರ.” ಅವ್ವ ಜಮಖಾನೆಯನ್ನು ಇನ್ನೊಮ್ಮೆ ಜೋರಾಗಿ ಜಾಡಿಸಿದಳು, ಧೂಳು ಅವನ ಕಡೆಗೇ ಹೋಗುವಂತೆ.

ಇದೆಲ್ಲ ಶುರುವಾಗಿದ್ದು ಊಟ ಆಯ್ತೇನು ಎಂಬ ಪ್ರಶ್ನೆಯಿಂದ. ಬಾಗಿಲಿಗೆ ಬಂದವರು ಕೇಳುತ್ತಾರೆ, ದಾರಿಯಲ್ಲಿ ಸಿಕ್ಕವರು ಕೇಳುತ್ತಾರೆ, ಉತ್ತರ ಯಾರಿಗೂ ಬೇಕಿರುವುದಿಲ್ಲ, ಆಯ್ತು ಎಂದರೆ ಮುಗಿಯಿತು. ಆದರೆ ಒಂದು ಮಂಗಳವಾರ ಸಭೆಯ ಸ್ತ್ರೀ ಸಂಘದ ಶಿವಗಂಗಾ, ನೀರಿನಲ್ಲಿ ಮುಳುಗಿಸಿ ಎಬ್ಬಿಸಿದರೂ ಹೆಸರು ಮಾತ್ರ ಒದ್ದೆಯಾಗದೆ ಶಿವಗಂಗಾ ಎಂದೇ ಉಳಿದವಳು, ಕೇಳುತ್ತ ಕೇಳುತ್ತ ಒಳಗೇ ಬಂದುಬಿಟ್ಟಳು. ತಣ್ಣಗಿದ್ದ ಒಲೆ ನೋಡಿದಳು, ಬೋರಲು ಹಾಕಿದ್ದ ತವೆ ನೋಡಿದಳು, ಆಮೇಲೆ ಅವ್ವನ ಮುಖ ನೋಡಿದಳು. ಅವ್ವನ ಬಾಯಿಂದ ಆಯ್ತು ಎಂಬ ಮಾತು ಹೊರಡಲು ಜಾಗ ಇರಲಿಲ್ಲ. “ಇಲ್ರಿ ಅಕ್ಕಾ, ಇವತ್ತ ಉಪವಾಸ,” ಎಂದಳು ಅವ್ವ. ಆ ಕ್ಷಣ ಮನೆಯೊಳಗೆ ಏನೋ ಎತ್ತರವಾದಂತಾಯಿತು. ಹಸಿದು ಕೂತಿದ್ದ ಇಬ್ಬರು ಹೆಂಗಸರು ಒಮ್ಮೆಲೆ ಪರಿಶುದ್ಧರಾದರು. ಶಿವಗಂಗಾ ಎದೆಯ ಮೇಲೆ ಕೈ ಇಟ್ಟು “ಸ್ತೋತ್ರ” ಎಂದಳು. ಶುಕ್ರವಾರ ಬಂದಾಗಲೂ ಉಪವಾಸ, ಬುಧವಾರವೂ ಉಪವಾಸ. ಭಾನುವಾರ ಪಾಸ್ಟರ್ ಅನೀಲಕುಮಾರ ಪೀಠದ ಮೇಲಿಂದ, ಈ ಊರಿನಲ್ಲಿ ಒಂದು ಮನೆ ಇದೆ, ಅದು ಉಪವಾಸದ ಮನೆ, ಉಪವಾಸ ಪ್ರಾರ್ಥನೆ ಒಮ್ಮೆ ಅಲ್ಲಿಯೂ ನಡೆಯಲಿ ಎಂದು ಸಾರಿದರು. ಎಲ್ಲರೂ ತಿರುಗಿ ನೋಡಿದರು. ಸೀಮಾ ತನ್ನ ಕಾಲಿನ ಉಗುರು ನೋಡಿಕೊಂಡಳು. ತಾನಾಗಿ ಬಂದ ಹಸಿವನ್ನು ದೇವರಿಗೆ ಕೊಟ್ಟ ಕಾಣಿಕೆ ಎಂದು ತೋರಿಸಿದರೆ ಅದು ಕಳವೋ ಅಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ. ಕೇಳೋಣವೆಂದರೆ ಕೇಳುವುದು ಯಾರನ್ನು? ಪಾಸ್ಟರನ್ನು ಕೇಳಿದರೆ ಗುಟ್ಟು ಹೋಗುತ್ತದೆ, ದೇವರನ್ನು ಕೇಳಿದರೆ ಅವನಿಗೆ ಮೊದಲೇ ಗೊತ್ತಿದ್ದು ಅವನೂ ಸುಮ್ಮನಿದ್ದಾನೆ ಎಂದಾಗುತ್ತದೆ.

ಸುಮ್ಮನಿರದವಳು ಒಬ್ಬಳೇ, ಬಾಜೂ ಮನೆಯ ಕರೀಮುನ್ನಿಸಾ ಖಾಲಾ. ಸೀಮಾ ಸೀರೆಗಳಿಗೆ ಫಾಲ್ ಹಚ್ಚಲು ಅವಳ ಹೊಲಿಗೆ ಮಶೀನಿಗೇ ಹೋಗುತ್ತಿದ್ದಳು. ಲಗ್ನದ ದಿನಗಳು ಮುಗಿದ ಮೇಲೆ ಫಾಲೂ ಇಲ್ಲ, ಆದರೂ ಹೋಗಿ ಕೂಡುತ್ತಿದ್ದಳು. “ನಮ್ಮ ರಂಜಾನ್ ರೋಜಾದಾಗ ಸಂಜೀಕ ಅಜಾನ್ ಆಗ್ತದ, ಖಜೂರ ಬಾಯಾಗ ಹಾಕ್ತೇವಿ, ಮುಗೀತು,” ಎಂದಿದ್ದಳು ಖಾಲಾ ದಾರ ಕಚ್ಚುತ್ತ. “ನಿಮ್ಮದು ಬಿಡೋದು ಯಾವಾಗ ಬೇ? ನಿಮ್ಮ ಯೇಸು ಅಜಾನ್ ಕೊಡೋದೇ ಮರ್ತಾನೇನು?” ಸೀಮಾಳಿಗೆ ನಗು ಬಂತು, ನಕ್ಕಿದ್ದಕ್ಕೆ ಹೆದರಿಕೆ ಬಂತು, ಅಷ್ಟರಲ್ಲಿ ಒಳಗಿಂದ ಉಳ್ಳಾಗಡ್ಡಿ ಒಗ್ಗರಣೆಯ ವಾಸನೆ ಬಂದು ನಗು ಹೆದರಿಕೆ ಎರಡನ್ನೂ ನುಂಗಿಹಾಕಿತು. ಹಸಿದವಳಿಗೆ ಕಿವಿ ಮೂಗು ಎಷ್ಟು ಚುರುಕಾಗುತ್ತವೆ ಎಂದರೆ, ಎಣ್ಣೆಯಲ್ಲಿ ಒಂದೊಂದು ಜೀರಿಗೆ ಸಿಡಿದದ್ದೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ಖಾಲಾ ತಾಟಿನಲ್ಲಿ ಎರಡು ರೊಟ್ಟಿ, ತತ್ತಿಯ ಪಲ್ಯ ಇಟ್ಟಳು. ಶುಕ್ರವಾರ ಅದು. ಸೀಮಾ ತಿಂದಳು. ಬೇಡ ಎನ್ನಲಿಲ್ಲ, ಪ್ರಾರ್ಥನೆ ಮಾಡಲಿಲ್ಲ, ತಾಟು ಒರೆಸಿ ತಿಂದಳು. ಮನೆಗೆ ಬಂದರೆ ಅವ್ವ ಗೋಡೆಗೆ ಮುಖ ಮಾಡಿ ಮೊಣಕಾಲೂರಿ ಕೂತಿದ್ದಳು, ತುಟಿ ಒಣಗಿ ಪದಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸೀಮಾ ಪಕ್ಕದಲ್ಲಿ ಮೊಣಕಾಲೂರಿದಾಗ ಹೊಟ್ಟೆಯಿಂದ ಒಂದು ತೇಗು ಎದ್ದು, ತಡೆದರೂ ನಿಲ್ಲದೆ, ತತ್ತಿಯ ವಾಸನೆ ಹೊತ್ತು ಹೊರಗೆ ಬಂತು. ಅವ್ವನ ಪ್ರಾರ್ಥನೆ ನಿಂತಿತು. ಕಣ್ಣು ತೆರೆಯಲಿಲ್ಲ. “ಬಾಯಿ ತೊಳ್ಕೊಂಡು ಬಾ,” ಎಂದಳು, ಮತ್ತೆ ನಿಂತಲ್ಲಿಂದ ಶುರು ಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು. ಮೋರಿಯ ಹತ್ತಿರ ಬಾಯಿ ಮುಕ್ಕಳಿಸುತ್ತ ಸೀಮಾ, ಸ್ವರ್ಗ ನರಕ ಎರಡೂ ಇರಲಿ, ಆದರೆ ಎರಡರಲ್ಲೂ ತೇಗು ಬರದಿರಲಿ ಎಂದು ಬೇಡಿಕೊಂಡಿದ್ದಳು.

ಆದರೆ ಅವ್ವ ಯಾಕೆ ಹೀಗೆ ಮಾಡುತ್ತಾಳೆ ಎಂಬುದು ಸೀಮಾಳಿಗೆ ಗೊತ್ತಿತ್ತು. ಅವ್ವನ ತವರೂರು ಮಟಕಿಯಲ್ಲಿ ಅವಳ ತಮ್ಮ ಧರ್ಮಣ್ಣ ಇದ್ದ. ದೀಕ್ಷಾಸ್ನಾನದ ಸುದ್ದಿ ಕೇಳಿ ಅಂದೇ ಬಂದು, ಚಪ್ಪಲಿ ಕೂಡ ಕಳಚದೆ, “ಇದ್ದ ದೇವರನ್ನ ಬಿಟ್ಟು ಬಂದವನ ಹಿಂದ ಹೊಂಟಿ. ರೊಟ್ಟಿ ಇಲ್ದಂಗ ಆಗಿ ನನ್ನ ಬಾಗಿಲಿಗಿ ಬರ್ತಿ ನೋಡಕ್ಕಾ, ಅವತ್ತ ಕೇಳ್ತೇನಿ, ಎಲ್ಲಿ ನಿನ್ನ ಯೇಸು ಅಂತ,” ಎಂದು ಹೇಳಿ ಹೋಗಿದ್ದ. ಆ ದಿನದಿಂದ ಯೇಸಪ್ಪನ ಮರ್ಯಾದೆ ಕಾಯುವ ಕೆಲಸ ಅವ್ವನಿಗೆ ಬಿತ್ತು. ಮಟಕಿಯಲ್ಲಿ ಲಗ್ನವಾದರೆ ಇರುವ ಒಂದೇ ರೇಷ್ಮೆ ಸೀರೆ ಉಟ್ಟು, ಹಸಿದ ಹೊಟ್ಟೆಯಲ್ಲಿ ಹೋಗಿ, ಪಂಕ್ತಿಯಲ್ಲಿ ಅರ್ಧ ಊಟ ಬಿಟ್ಟು ಏಳುತ್ತಿದ್ದಳು, ಮನೆಯಲ್ಲಿ ತುಂಬಿ ತುಳುಕುತ್ತಿದೆ ಎಂದು ತಮ್ಮನಿಗೆ ಕಾಣಲೆಂದು. ನಮ್ಮ ಮನೆಯಲ್ಲಿ ಹಿಟ್ಟಿಲ್ಲ ಎಂದರೆ ಹಿಟ್ಟಿನ ಮಾನ ಹೋಗುವುದಿಲ್ಲ, ಯೇಸುವಿನ ಮಾನ ಹೋಗುತ್ತದೆ. ಭೂಮಿ ಆಕಾಶ ಮಾಡಿದವನಿಗೆ ಆಳಂದದ ಒಂದು ತಗಡಿನ ಮನೆಯ ಇಬ್ಬರು ಹೆಂಗಸರು ಪಹರೆಗೆ! ತಹಸೀಲ್ ಕಚೇರಿಯ ಖಜಾನೆಗೂ ಇದಕ್ಕಿಂತ ಗಟ್ಟಿ ಕಾವಲು ಇರುತ್ತದೆ ಎಂದು ಸೀಮಾಳಿಗೆ ಅನಿಸುತ್ತಿತ್ತು, ಹಾಗೆ ಅನಿಸಿದ ಕೂಡಲೇ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು, ಸೆರಗು ಹೊದ್ದರೆ ವಿಚಾರ ಕಾಣುವುದಿಲ್ಲ ಎಂಬಂತೆ.

ಹೋದ ತಿಂಗಳು ಜೇವರ್ಗಿಯ ದೊಡ್ಡ ಸಭೆಯವರು ಕಷ್ಟದಲ್ಲಿರುವ ಮನೆಗಳಿಗೆಂದು ಕಿಟ್ ಕಳಿಸಿದ್ದರು. ಅಕ್ಕಿ, ಬೇಳೆ, ಎಣ್ಣೆ, ಒಂದು ಸಾಬೂನು. ಚೀಲಗಳು ಪೀಠದ ಕೆಳಗೆ ಸಾಲಾಗಿ ಕೂತಿದ್ದವು. ಆ ಭಾನುವಾರ ಅವ್ವನ ಕಣ್ಣು ಪಾಸ್ಟರ್ ಮೇಲಿರಲಿಲ್ಲ, ಚೀಲದ ಮೇಲಿತ್ತು, ಸೀಮಾ ಅದನ್ನು ನೋಡಿದಳು. ಪಾಸ್ಟರ್ ಒಬ್ಬೊಬ್ಬರನ್ನು ಕರೆದು ಕೊಟ್ಟರು. ಕ್ರಿಸ್ಮಸ್ ಆದ ಮೇಲೆ ಮುಖವನ್ನೇ ತೋರಿಸದವರಿಗೂ ಕೊಟ್ಟರು, ಅವರು ವಿಶ್ವಾಸದಲ್ಲಿ ಬಲಹೀನರು, ಅವರನ್ನು ಎತ್ತಿ ಹಿಡಿಯಬೇಕು ಎಂದರು. ಆಮೇಲೆ ಅವ್ವನ ಮುಂದೆ ನಿಂತು, “ಸಕ್ಕುಬಾಯಿ ಅಕ್ಕೋರಿಗಿ ನಾ ಕಿಟ್ ಕೊಟ್ರ ಅವರ ವಿಶ್ವಾಸಕ್ಕ ಅವಮಾನ ಮಾಡಿದಂಗ ಆಗ್ತದ. ಅವರು ರೊಟ್ಟಿ ಬಿಟ್ಟು ವಾಕ್ಯದ ಮ್ಯಾಲ ಬದುಕಾಕತ್ತಾರ,” ಎಂದರು. ಅವ್ವ ನಕ್ಕಳು, “ಸ್ತೋತ್ರ ಪಾಸ್ಟ್ರೇ,” ಎಂದಳು. ಅವಳ ಕಾಲಿನ ಹೆಬ್ಬೆರಳು ಮಾತ್ರ ನೆಲವನ್ನು ಒತ್ತಿ ಒತ್ತಿ ಬೆಳ್ಳಗಾಗಿತ್ತು. ಬಲಹೀನಳಾಗುವುದು ಎಷ್ಟು ಸುಲಭವಿತ್ತು, ಸ್ವಲ್ಪ ಮೊದಲೇ ಹೇಳಿದ್ದರೆ ಆಗುತ್ತಿತ್ತಲ್ಲ ಎಂದುಕೊಂಡಳು ಸೀಮಾ. ಮನೆಗೆ ನಡೆಯುವಾಗ ಇಬ್ಬರೂ ಆ ಸಾಬೂನಿನ ವಾಸನೆಯ ಬಗ್ಗೆ ಮಾತ್ರ ಮಾತಾಡಿದರು.

ಇವತ್ತು ಹನ್ನೊಂದಾಗುವಷ್ಟರಲ್ಲಿ ಇಪ್ಪತ್ತು ಜನ ಬಂದರು. ಅಫಜಲಪುರದ ಕಡೆಯಿಂದ, ಕರಜಗಿಯಿಂದ ಟಂಟಂ ಗಾಡಿ ಹಿಡಿದು ಬಂದ ಹೆಂಗಸರು, ಜೇವರ್ಗಿಯಿಂದ ಪಾಸ್ಟರ್ ಜೊತೆ ಬಂದ ಇಬ್ಬರು ಹಿರಿಯರು, ಒಬ್ಬರ ಕಿಸೆಯಲ್ಲಿ ಕನ್ನಡಕದ ಡಬ್ಬಿ, ಇನ್ನೊಬ್ಬರ ಕೈಯಲ್ಲಿ ತಾಳ. ಪ್ರೈಸ್ ದ ಲಾರ್ಡ್, ಪ್ರೈಸ್ ದ ಲಾರ್ಡ್ ಎಂದು ತಗಡಿನ ಬಾಗಿಲಿಗೆ ತಲೆ ಬಡಿಸಿಕೊಳ್ಳುತ್ತ ಒಳಗೆ ಬಂದರು. ಶಿವಗಂಗಾ ತನ್ನ ಮನೆಯನ್ನೇ ತೋರಿಸುವವಳಂತೆ, “ಇದೇ ನೋಡ್ರಿ ಆ ಮನಿ,” ಎಂದಳು. ಬಂದವರು ಗೋಡೆ ನೋಡಿದರು, ಒಲೆ ನೋಡಿದರು. ಒಲೆಯಲ್ಲಿ ಬೂದಿ ಕೂಡ ಇರಲಿಲ್ಲ, ಕರಜಗಿಯ ಒಬ್ಬಾಕೆ ಅದರ ಮುಂದೆ ತಲೆ ಬಾಗಿಸಿದಳು. ಬಾಗಿಲಾಚೆ ಕರೀಮುನ್ನಿಸಾ ಖಾಲಾ ಬಂದು ನಿಂತಳು, ಕೂಡ್ರಿ ಎಂದರೂ ಕೂಡಲಿಲ್ಲ, “ನಡೀಲಿ, ನಾ ನೋಡ್ತೇನಿ,” ಎಂದಳು, ಬಯಲಾಟಕ್ಕೆ ಬಂದವರಂತೆ. ಹಾಡು ಶುರುವಾಯಿತು. ಬಿಸಿಲಿಗೆ ತಗಡು ಕಾದು ಮೇಲಿಂದ ಇಳಿಯುತ್ತಿತ್ತು. ಸೀಮಾ ಗೋಡೆಯ ಮೂಲೆಯಲ್ಲಿ ಕೂತು ತಾಳದ ಪೆಟ್ಟಿಗೆ ತನ್ನ ಹೊಟ್ಟೆ ಒಳಗಿಂದ ಉತ್ತರ ಕೊಡುವುದನ್ನು ಕೇಳಿದಳು. ಯಾರಿಗೂ ಕೇಳದಿರಲೆಂದು ಜೋರಾಗಿ ಹಾಡಿದಳು. ಶಿವಗಂಗಾ ತಿರುಗಿ ನೋಡಿ ಮೆಚ್ಚುಗೆಯಿಂದ ಕಣ್ಣು ಮುಚ್ಚಿದಳು.

“ಈಗ,” ಎಂದರು ಪಾಸ್ಟರ್ ಅನೀಲಕುಮಾರ, ಕರ್ಚೀಫಿನಿಂದ ಕುತ್ತಿಗೆ ಒರೆಸುತ್ತ, “ಈ ಮನಿ ಮಗಳು ಸಾಕ್ಷಿ ಹೇಳ್ತಾಳ. ಭಾಳ ನಾಚಿಕಿ ಹುಡುಗಿ. ದೇವರು ಆಕಿ ಬಾಯಿ ತೆರೀಲಿ. ಏಳಮ್ಮಾ.”

ಸೀಮಾ ಎದ್ದು ನಿಂತಳು. ಏಳನೇ ಇಯತ್ತೆಯಲ್ಲಿ ಪದ್ಯ ಬಾಯಿಪಾಠ ಹೇಳಲು ನಿಂತು, ಬಾರದೆ, ಗಂಟೆ ಹೊಡೆಯುವ ತನಕ ನಿಂತೇ ಇದ್ದದ್ದು ನೆನಪಾಯಿತು. ಮರುವಾರದಿಂದ ಶಾಲೆಗೇ ಹೋಗಲಿಲ್ಲ. ಇಲ್ಲಿ ಗಂಟೆ ಹೊಡೆಯುವವರೂ ಇರಲಿಲ್ಲ. ಇಪ್ಪತ್ತು ಮುಖಗಳು ಅವಳ ಕಡೆ ಎತ್ತಿದ್ದವು, ಎಲ್ಲ ಮುಖಗಳಲ್ಲೂ ಒಂದೇ ಬಗೆಯ ಸಿಹಿ. ಅವ್ವ ಮಾತ್ರ ನೆಲ ನೋಡುತ್ತಿದ್ದಳು. ನಾಕು ಮಾತು ಹೇಳು ಸಾಕು ಎಂದಿದ್ದಳು ಅವ್ವ. ಆ ನಾಕು ಮಾತು ಹೇಳಿದರೆ ಇನ್ನೊಂದು ವರ್ಷ ಉಪವಾಸದ ಮನೆ. ಹೇಳದಿದ್ದರೆ ಸಂಜೆಯೊಳಗೆ ಸುದ್ದಿ ಮಟಕಿ ಮುಟ್ಟುತ್ತದೆ. ಬಾಯಿ ತೆರೆದಾಗ ಬಂದದ್ದು ಒಂದೇ ಮಾತು.

“ನಮಗ... ಹಸಿವಾಗ್ಯಾದ್ರಿ.”

“ಆಮೆನ್!” ಎಂದರು ತಾಳದ ಹಿರಿಯರು. ಪಾಸ್ಟರ್ ಎರಡೂ ಕೈ ಎತ್ತಿದರು. “ಕೇಳಿದಿರೇನು? ಹಸಿವು! ಆತ್ಮದ ಹಸಿವು! ಈ ಹಸಿವು ನಮ್ಮ ಎಲ್ಲಾ ಸಭಾಕ್ಕ ಬರಲಿ!”

“ಹಂಗಲ್ರಿ,” ಎಂದಳು ಸೀಮಾ. “ರೊಟ್ಟಿ... ರೊಟ್ಟಿ ಇಲ್ರಿ ಮನ್ಯಾಗ.”

“ಜೀವದ ರೊಟ್ಟಿ ಅದ ತಂಗಿ!” ಎಂದು ಕರಜಗಿಯ ಹೆಂಗಸು ಅಳಲಿಕ್ಕೇ ಶುರು ಮಾಡಿದಳು. “ಹಲ್ಲೆಲೂಯ!”

“ಹಿಟ್ಟು ತೀರ್‍ಯಾದ್ರಿ.”

“ತೀರೋದಿಲ್ಲ!” ಪಾಸ್ಟರ್ ಧ್ವನಿ ತಗಡಿಗೆ ಬಡಿದು ಬಂತು. “ವಾಕ್ಯದಾಗ ಒಬ್ಬ ವಿಧವೆ ಮನ್ಯಾಗ ಮಡಕಿ ಹಿಟ್ಟು ತೀರಲಿಲ್ಲ, ಇಲ್ಲೂ ತೀರೋದಿಲ್ಲ!”

ಸೀಮಾ ಸುತ್ತ ನೋಡಿದಳು. ತನ್ನ ಮಾತೆಲ್ಲ ತನಗಿಂತ ಮೊದಲೇ ಯಾರೋ ತೆಗೆದುಕೊಂಡು ಹೋಗಿದ್ದಾರೆ. ಹಸಿವು ಅವರದು, ರೊಟ್ಟಿ ಅವರದು, ಹಿಟ್ಟು ಅವರದು, ನೀರು ಎಂದರೂ ಅವರದೇ, ಸತ್ತೆ ಎಂದರಂತೂ ಕುಣಿದಾಡಿಬಿಡುತ್ತಾರೆ. ಕಷ್ಟಕ್ಕೆ ಇರುವ ಮಾತುಗಳೆಲ್ಲ ಒಗೆದು ಇಸ್ತ್ರಿ ಮಾಡಿ ಪೀಠದ ಮೇಲೆ ಇಟ್ಟಾಗಿತ್ತು. ತೊಡಲು ಅವಳಿಗೆ ಒಂದೂ ಉಳಿದಿರಲಿಲ್ಲ. ಹೊರಗೆ ಖಾಲಾ ಹಣೆ ಬಡಿದುಕೊಂಡದ್ದು ಕಂಡಿತು. ಸೀಮಾ ಹುಡುಕಿದಳು, ಅವರ ಪುಸ್ತಕದಲ್ಲಿ ಇಲ್ಲದ ಒಂದು ಮಾತನ್ನು, ಯಾವ ಪ್ರವಾದಿಯೂ ಯಾವ ವಿಧವೆಯೂ ಮುಟ್ಟದ ಒಂದು ಮಾತನ್ನು. ಸಿಕ್ಕಿತು.

“ಅಪ್ಪಂದು ಥಂಬ್ ಬರವಲ್ದರಿ,” ಎಂದಳು.

ಆಮೆನ್ ಬರಲಿಲ್ಲ. ಪಾಸ್ಟರ್ ಬಾಯಿ ತೆರೆದವರು ತೆರೆದೇ ಇದ್ದರು, ಥಂಬಿಗೆ ವಾಕ್ಯ ಹುಡುಕುತ್ತಿದ್ದರೋ ಏನೋ. ಸೀಮಾ ಆ ತೆರವಿನೊಳಗೇ ಮಾತು ನೂಕಿದಳು. “ರೇಶನ್ ಅಂಗಡ್ಯಾಗ್ರಿ. ಚೀಲ ಹೊತ್ತು ಹೊತ್ತು ಹೆಬ್ಬಟ್ಟಿನ ಗೆರಿ ಸವದಾವ. ಮಶೀನಿಗಿ ಹಚ್ಚಿದ್ರ ಕೆಂಪು ದೀಪ ಹತ್ತತದ. ಅವ್ವಂದು ಬರ್ತದ, ಆದ್ರ ಅವ್ವನ ಆಧಾರಿನ್ಯಾಗ ಹೆಸರು ಬ್ಯಾರೆ ಆಗ್ಯಾದ. ಮೂರು ತಿಂಗಳಾಯ್ತು ಅಕ್ಕಿ ಬಂದಿಲ್ಲ. ನಾವು ಉಪವಾಸ ಮಾಡಾಕತ್ತಿಲ್ರಿ. ನಮಗ ಊಟ ಇಲ್ಲ.”

ಬಾಗಿಲಿನಲ್ಲಿ ನೆರಳು ಬಿತ್ತು. ಯಾವ ಪ್ರಾರ್ಥನೆಗೂ ಹೊಸ್ತಿಲು ದಾಟದ ದೌಲತರಾಯ ಬೀಡಿ ಕಿವಿಯ ಹಿಂದೆ ಸಿಗಿಸಿಕೊಂಡು ಒಳಗೆ ಬಂದು, ಬಲಗೈ ಹೆಬ್ಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಅವನು ದೇವರಿಗೆ ಒಪ್ಪಿಸಿಕೊಳ್ಳಲು ಬಂದನೆಂದು ತಿಳಿದ ಶಿವಗಂಗಾ “ಹಲ್ಲೆ...” ಎಂದು ಅರ್ಧಕ್ಕೆ ನಿಲ್ಲಿಸಿದಳು. “ನೋಡ್ರಿ,” ಎಂದ ಅವನು, “ಹುಡುಗಿ ಸುಳ್ಳು ಹೇಳಾಕತ್ತಿಲ್ಲ.” ಹೆಬ್ಬೆರಳು ತೊಳೆದಿಟ್ಟ ಬೇಳೆಯ ಹಾಗೆ ನುಣ್ಣಗಿತ್ತು. ಜೇವರ್ಗಿಯ ಹಿರಿಯರು ಡಬ್ಬಿಯಿಂದ ಕನ್ನಡಕ ತೆಗೆದು ಹಾಕಿಕೊಂಡು ಬಗ್ಗಿ ನೋಡಿದರು. ಹಿಂದಿನಿಂದ, ಅಲ್ಲಿಯ ತನಕ ಅಳುತ್ತಿದ್ದ ಕರಜಗಿಯ ಹೆಂಗಸು ಮೂಗು ಒರೆಸಿಕೊಂಡು ಬೇರೆಯೇ ಧ್ವನಿಯಲ್ಲಿ, “ನಂದೂ ಬರವಲ್ದು ಯಪ್ಪಾ. ಕಬ್ಬು ಕಡದು ಕಡದು ಹೋಗ್ಯಾದ,” ಎಂದಳು. ಯಾರೋ ತಮ್ಮ ಹೆಬ್ಬೆರಳು ನೋಡಿಕೊಂಡರು. ಆಮೇಲೆ ಎಲ್ಲರೂ ನೋಡಿಕೊಂಡರು, ಪಾಸ್ಟರ್ ಕೂಡ, ಅವರದು ಮಾತ್ರ ಗೆರೆಗಳೆಲ್ಲ ನೆಟ್ಟಗಿದ್ದವು, ಅವರು ಬೇಗನೆ ಕೈ ಮುಚ್ಚಿಕೊಂಡರು. “ನನಗ ಯಾಕ ಹೇಳಲಿಲ್ಲ ಅಕ್ಕೋರೇ?” ಎಂದರು ಮೆಲ್ಲಗೆ. ಆ ಧ್ವನಿ ಪೀಠದ್ದಾಗಿರಲಿಲ್ಲ.

ಸೀಮಾ ಅವ್ವನ ಕಡೆ ನೋಡಲಾರದೆ ನೋಡಿದಳು. ಹೊಡೆಯಲು ಏಳುತ್ತಾಳೆ ಎಂದುಕೊಂಡಳು, ಅಳುತ್ತಾಳೆ ಎಂದುಕೊಂಡಳು. ಇಷ್ಟು ದಿನ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಬಂದದ್ದನ್ನು ಮಗಳು ಇಪ್ಪತ್ತು ಜನರ ಮುಂದೆ ಸುರಿದಿದ್ದಳು. ಅವ್ವ ಮೊಣಕಾಲೂರಿದಳು. ಪ್ರಾರ್ಥನೆ ಮಾಡೋಣ ಎಂದು ಯಾರೂ ಹೇಳಿರಲಿಲ್ಲ. ಕಣ್ಣು ಮುಚ್ಚಿ, ಮೋರಿಯ ಕಟ್ಟೆಯಾಚೆ ನಿಂತ ನೆರೆಯವರೊಡನೆ ಜಗಳ ತೆಗೆಯುವಾಗ ಇರುತ್ತದಲ್ಲ, ಆ ಧ್ವನಿಯಲ್ಲಿ ಶುರು ಮಾಡಿದಳು.

“ಯೇಸಪ್ಪಾ, ಇಲ್ಲಿ ಕೇಳು. ನನ್ನ ತಮ್ಮ ನಿನಗ ಅಂದ ಮಾತು ನನಗ ನಟ್ಟಿತ್ತು. ನಿನಗ ನಟ್ಟಿತ್ತೋ ಇಲ್ಲೋ, ನೀ ಹೇಳಲಿಲ್ಲ. ನಿನ್ನ ಮರ್ಯಾದಿ ಹೋಗಬಾರದಂತ ನಾ ಸುಳ್ಳು ಹೇಳಿದೆ. ನಿನ್ನ ಹೆಸರಿನ ಮ್ಯಾಲೇ ಹೇಳಿದೆ, ಮತ್ತ್ಯಾರ ಹೆಸರಿನ ಮ್ಯಾಲ ಹೇಳಲಿ. ಸಿಂಗಾರ ಮಾಡ್ಕೊಂಡು ಲಗ್ನಕ್ಕ ಹೋದೆ, ಚೀಲ ಕೊಡದೇ ಹೋದ್ರೂ ಸ್ತೋತ್ರ ಅಂದೆ. ಒಂದು ದಿನಾನೂ ನೀ ಬಂದು, ಸಾಕು ಬಿಡು ಸಕ್ಕುಬಾಯಿ ಅನಲಿಲ್ಲ. ಇನ್ನ ನನ್ನ ಕೈಲಿ ಆಗೋದಿಲ್ಲ. ಇವತ್ತಿಂದ ನಿನ್ನ ಮರ್ಯಾದಿ ನೀನೇ ನೋಡ್ಕೊ. ದೊಡ್ಡವನಿದ್ದಿ, ನಿನಗ ಬರ್ತದ. ನಾ ನಿನ್ನ ಬಿಟ್ಟು ಎಲ್ಲೂ ಹೋಗೋದಿಲ್ಲ, ಹೋಗ್ತೇನಂತ ಮಾಡಬ್ಯಾಡ. ಇಲ್ಲೇ ಕೂಡ್ತೇನಿ. ಆದ್ರ ಹಸಿವಾದ್ರ ಹಸಿವು ಅಂತೇನಿ. ಅಷ್ಟೇ.”

ನಿಲ್ಲಿಸಿದಳು. ಪ್ರಾರ್ಥನೆಯ ಕೊನೆಗೆ ಬರಬೇಕಾದ ಮಾತು ಬರಲಿಲ್ಲ. ಇದಕ್ಕೆ ಆಮೆನ್ ಅನ್ನಬಹುದೋ ಬಾರದೋ ಎಂದು ಹಿರಿಯರು ಪಾಸ್ಟರ್ ಕಡೆ ನೋಡಿದರು, ಪಾಸ್ಟರ್ ನೆಲದ ಕಡೆ ನೋಡಿದರು, ಶಿವಗಂಗಾ ತುಟಿ ಒಳಗೆ ಎಳೆದುಕೊಂಡಳು. ತಗಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು.

“ಆಮೀನ್,” ಎಂದಳು ಬಾಗಿಲಲ್ಲಿ ನಿಂತಿದ್ದ ಕರೀಮುನ್ನಿಸಾ, ಎರಡೂ ಅಂಗೈಯಿಂದ ಮುಖ ಒರೆಸಿಕೊಳ್ಳುತ್ತ.

ಅವ್ವ ಕಣ್ಣು ತೆರೆದು ಬಾಗಿಲ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ಯಾರನ್ನೂ ಏನೂ ಬೇಡದ ಧ್ವನಿ ಅದು, ಹೊರಗೆ ಬರುವಾಗ ಸಣ್ಣಗಾಯಿತು. “ಕರೀಮಾ,” ಎಂದಳು, “ನಿಮ್ಮ ಮನ್ಯಾಗ ಜ್ವಾಳದ ಹಿಟ್ಟು ಇದ್ರ ಕೊಡು ಬೇ. ಮಂದಿ ಬಂದಾರ.”

“ಇಷ್ಟು ದಿನ ಬಾಯಾಗ ಏನ್ ಇಟ್ಕೊಂಡಿದ್ದಿ ನೀ?” ಎಂದು ಬೈಯುತ್ತಲೇ ಖಾಲಾ ಆಗಲೇ ಅಂಗಳ ದಾಟುತ್ತಿದ್ದಳು. ಪಾಸ್ಟರ್ ಎದ್ದು, ಒಮ್ಮೆ ಕೆಮ್ಮಿ, ಹಿಟ್ಟು ಹೊತ್ತು ತರಲು ಅವಳ ಹಿಂದೆ ಹೋದರು. ಸೀಮಾ ಕಟ್ಟಿಗೆ ಮುರಿದು ಒಲೆಯಲ್ಲಿ ಇಟ್ಟು ಬಗ್ಗಿ ಊದಿದಳು. ಹೊಗೆ ಕಣ್ಣಿಗೆ ಹೊಕ್ಕಿತು. ಆಗಿನ್ನೂ ಹನ್ನೆರಡೂವರೆ, ಪ್ರಾರ್ಥನೆ ಮುಗಿದಿರಲಿಲ್ಲ.